ನಿಲುವಂಗಿಯ ಜೇಬು

ಅಕ್ಕ ತಮ್ಮನ ನಿಲುವಂಗಿಯನ್ನು ಮೇಜಿನ ಮೇಲೆ ಹರಡಿ, ಒಗೆಯಲು ಹಾಕುವ ಮುನ್ನ ಜೇಬಿಗೆ ಕೈ ಹಾಕಿದಳು. ಎದುರಿಗೆ ಕೂತ ಅವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಡತ ಓದುತ್ತಿದ್ದ. ಬೆಳಗಿನ ಆ ಹೊತ್ತಿನಲ್ಲಿ ಅವರಿಗೆ ಮಾತಾಡಿ ಅಭ್ಯಾಸವೇ ಇಲ್ಲ.

ಗಂಡ ತೀರಿಹೋದ ವರ್ಷ ಅವಳು ತಮ್ಮನ ಅಡುಗೆಮನೆ ಸೇರಿದ್ದಳು. ಆಗ ಅವನು ಪುಟ್ಟ ಚರ್ಚೊಂದರ ಪಾದ್ರಿ. ಜೇಬಿನ ತುಂಬ ಚೀಟಿಗಳು: ‘ಬಡಗಿಯ ತಾಯಿ, ಜ್ವರ ಇಳಿದಿಲ್ಲ.’ ‘ಕೊನೇ ಮನೆಯ ಮುದುಕ, ಮಗನ ಜೊತೆ ಮಾತು ಬಿಟ್ಟಿದ್ದಾನೆ.’ ಜೊತೆಗೆ ಮಕ್ಕಳಿಗೆಂದು ಇಟ್ಟು ಮರೆತ, ಕರಗಿ ಅಂಟಿಕೊಂಡ ಮಿಠಾಯಿ. ಬೈದುಕೊಂಡೇ ಉಜ್ಜುತ್ತಿದ್ದಳು. ಅವನು ಬಿಷಪ್ ಆದ ಮೇಲೆ ಚೀಟಿಗಳು ಹೋಗಿ ಬೀಗದಕೈಗಳು ಬಂದವು. ಅದಕ್ಕೂ ಮೇಲೇರಿ ಕಾರ್ಡಿನಲ್ ಆಗಿ ಅಂಗಿಗೆ ಕೆಂಪು ಗುಂಡಿ ಬಂದ ಮೇಲಂತೂ ಜೇಬು ಖಾಲಿ. ಎಲ್ಲವನ್ನೂ ಹಿಂದೆ ಬರುವ ಕಾರ್ಯದರ್ಶಿಯೇ ಹೊರುತ್ತಿದ್ದ.

ಇವತ್ತು ಒಂದು ಕಾಗದ ಸಿಕ್ಕಿತು. ತಮ್ಮನೇ ಪೋಪರಿಗೆ ಬರೆದದ್ದು. ಎಪ್ಪತ್ತೈದು ತುಂಬಿದವರು ರಾಜೀನಾಮೆ ಕಳಿಸಬೇಕೆಂಬ ನಿಯಮ ಅವಳಿಗೂ ಗೊತ್ತು. ಕೊನೆಯ ಸಾಲನ್ನು ಎರಡು ಸಲ ಓದಿದಳು. ‘ಉಳಿದ ದಿನಗಳನ್ನು ನಿವೃತ್ತ ಪಾದ್ರಿಗಳ ಮನೆಯಲ್ಲಿ ಕಳೆಯುತ್ತೇನೆ.’

ಆ ಮನೆಯ ಪರದೆಗಳನ್ನು ಹೊಲಿದುಕೊಟ್ಟವಳು ಅವಳೇ. ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿದ್ದಾರೆ: ಹೆಂಗಸರ ಭೇಟಿ, ನಾಲ್ಕರಿಂದ ಐದು.

ಕಾಗದವನ್ನು ಸದ್ದಿಲ್ಲದೆ ಮಡಚಿ ಸೂಜಿದಾರದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಅದೇ ಮೇಜಿಗೆ ಕೂತಿದ್ದಾಗ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದ. “ಅಮ್ಮಾ, ಸ್ವಾಮಿಗಳ ಕಾಗದ ಏನಾದ್ರೂ ಕಂಡ್ರಾ? ಇವತ್ತಿನ ಅಂಚೆಗೆ ಹೋಗ್ಲೇಬೇಕು.”

“ನನಗೆಲ್ಲಿ ಕಣ್ಣು ಕಾಣುತ್ತೆ, ಮಗಾ,” ಎಂದು ಅವಳು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು.

ಕಡತದ ಹಿಂದಿನಿಂದ ತಮ್ಮ ಕಿಸಕ್ಕನೆ ನಕ್ಕ. ಕಾರ್ಯದರ್ಶಿಯನ್ನು ಹೊರಗೆ ಕಾಯಲು ಹೇಳಿದ.

“ಅಕ್ಕ, ಜೇಬಲ್ಲಿ ಒಂದು ಕಾಗದ ಇತ್ತು.”

“ಇತ್ತು.”

“ಈಗ?”

“ಜೇಬಲ್ಲಿಲ್ಲ.”

“ನಿನ್ನನ್ನ ಕಚೇರೀಲಿ ಕೂರಿಸಬೇಕಿತ್ತು ನೋಡು. ಇಷ್ಟು ಚೆನ್ನಾಗಿ ಕಡತ ಮುಚ್ಚಿಡೋರು ನಮ್ಮಲ್ಲಿ ಯಾರೂ ಇಲ್ಲ.”

ಅವಳು ನಗಲಿಲ್ಲ. “ನಾಲ್ಕರಿಂದ ಐದು,” ಎಂದಳು.

“ಏನದು?”

“ಅಲ್ಲಿ ಹೆಂಗಸರು ಒಳಗೆ ಬರೋ ಹೊತ್ತು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚೋದು ಎಂಟಕ್ಕೆ.”

ಅವನು ಕನ್ನಡಕ ತೆಗೆದ. ಬಹಳ ಹೊತ್ತು ಅದರ ಗಾಜು ಒರೆಸಿದ. “ಮುನ್ನೂರು ಪಾದ್ರಿಗಳನ್ನ ವರ್ಗ ಮಾಡಿದೀನಿ ಅಕ್ಕ. ಸಹಿ ಹಾಕೋ ಮುಂಚೆ ಒಬ್ಬೊಬ್ಬರನ್ನೂ ಕೇಳ್ತಿದ್ದೆ, ಮನೇಲಿ ಯಾರಿದ್ದಾರೆ, ನಿನ್ನನ್ನೇ ನಂಬಿದೋರು ಇದ್ದಾರಾ ಅಂತ.”

“ನನ್ನನ್ನ ಆರು ಸಲ ವರ್ಗ ಮಾಡಿದೀಯ. ಒಂದು ಸಲಾನೂ ಕೇಳಲಿಲ್ಲ. ಪಾತ್ರೆ ಕಟ್ಟು ಅಂದೆ, ಕಟ್ಟಿದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

ಅವಳು ಡಬ್ಬಿ ತೆರೆದು ಕಾಗದವನ್ನು ಅವನತ್ತ ಸರಿಸಿದಳು. ಅವನು ಕೊನೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ನಿಧಾನವಾಗಿ ಬರೆಯುತ್ತ ಗಟ್ಟಿಯಾಗಿ ಓದಿದ: “ಎರಡು ಕೋಣೆಯ ಮನೆ ಇರುವ ಯಾವುದಾದರೂ ಪುಟ್ಟ ಚರ್ಚಿನಲ್ಲಿ, ಕಾಯಿಲೆಯವರನ್ನು ನೋಡಿಕೊಂಡು...”

ಪೆನ್ನು ಅಲ್ಲೇ ನಿಂತಿತು.

“ಮುಂದಿನದನ್ನ ನಿನ್ನ ಕೇಳದೆ ಬರೆಯಲ್ಲ,” ಎಂದ.

ಅವಳು ಕೆಂಪು ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗಟ್ಟಿಯಾಗಿಯೇ ಇದ್ದ ಗುಂಡಿಯೊಂದನ್ನು ಮತ್ತೆ ಹೊಲಿಯತೊಡಗಿದಳು. ಹೊರಗೆ ಕಾರ್ಯದರ್ಶಿ ಎರಡು ಸಲ ಕೆಮ್ಮಿದ.

“ನನ್ನ ಜೊತೆ ಬರ್ತೀಯಾ ಅಕ್ಕ?”