ಗುಡ್ಡದ ಮೇಲಿನ ಚರಗ

"ನಾ 'ಹುಲ್ಲುಲ್ಲಿಗೋ' ಅಂತೀನಿ, ನೀವು ಹಿಂದಿಂದ 'ಚಲಾಂಬರಿಗೋ' ಅನ್ರಿ," ಎಂದಳು ನಿಂಗವ್ವ.

ಗಂಡ ಪಂಚಪ್ಪ ಕೇಳಿಸದವನಂತೆ ಕಟಕಟೆಗೆ ಒರಗಿ ನಿಂತ. ಯಲಹಂಕದಾಚೆ ಗುಡ್ಡದ ನೆತ್ತಿಯಲ್ಲಿದ್ದ ಮರದ ವಾಚ್‌ಟವರ್ ಅದು. ಹೆಜ್ಜೆ ಇಟ್ಟರೆ ಹಲಗೆ ಕಿರುಗುಟ್ಟುತ್ತಿತ್ತು. ಅಂದು ಎಳ್ಳಮವಾಸ್ಯೆ. ಊರಲ್ಲಾದರೆ ಹೊಲಕ್ಕೆ ಹೋಗಿ, ಕಾಲಲ್ಲಿದ್ದದ್ದನ್ನು ಬಿಟ್ಟು, ಕಡಬು ಅನ್ನ ಕಲಸಿ ಭೂಮಿತಾಯಿಗೆ ಚರಗ ಚೆಲ್ಲಬೇಕು. ಒಬ್ಬರು ಕೂಗಿದರೆ ಹಿಂದಿನವರು ದನಿ ಕೊಡಬೇಕು. ದನಿ ಸಿಗದ ಚರಗ ಭೂಮಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದಳು ನಿಂಗವ್ವನ ಅತ್ತೆ.

ಬಾಗಲಕೋಟೆ ಕಡೆಯ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಇಬ್ಬರೂ ಈ ನಗರದ ಬಾಗಲಗುಂಟೆಯ ಬಾಡಿಗೆ ಮನೆ ಸೇರಿದ ಮೇಲೆ ಹಬ್ಬದ ಹೆಸರೆತ್ತಿದರೆ ಪಂಚಪ್ಪ ಸಿಡುಕುತ್ತಿದ್ದ. ಟವರ್ ನೋಡಿ ಬರೋಣ ಎಂದು ಪುಸಲಾಯಿಸಿ ಕರೆತಂದವಳು, ಚೀಲದಲ್ಲಿದ್ದ ಚರಗದ ಡಬ್ಬಿಯ ಸುದ್ದಿ ಎತ್ತಿರಲಿಲ್ಲ. ಹೊಲ ಕಾಣದಿದ್ದರೂ ಅದರ ದಿಕ್ಕಾದರೂ ಕಂಡೀತೆಂಬ ಆಸೆ ಅವಳದು.

"ನೀರಾಗ ಹೋದ ಹೊಲಕ್ಕ ಎಂಥಾ ಚರಗ? ಮಂದಿ ನಗ್ತಾರ, ಇಳಿ ಕೆಳಗ."

ನಿಂಗವ್ವ ಚಪ್ಪಲಿ ಬಿಟ್ಟು, ಉತ್ತರಕ್ಕೆ ತಿರುಗಿ ಒಂದು ಹಿಡಿ ಚೆಲ್ಲಿದಳು. "ಹುಲ್ಲುಲ್ಲಿಗೋ."

ಗಾಳಿಗೆ ಭಕ್ತಿ ಎಲ್ಲಿಯದು? ಹಿಡಿ ಅನ್ನ ಹೋಗಿ ಕೆಳಗೆ ಕೂತಿದ್ದ ಕಾವಲುಗಾರನ ಟೋಪಿಯ ಮೇಲೆ ಬಿತ್ತು. ಹಿಂದಿನಿಂದ ದನಿ ಬರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು.

ಕಾವಲುಗಾರ ಬ್ಯಾಟರಾಯಪ್ಪ ಟೋಪಿ ಕೊಡವುತ್ತ, ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ. "ಏನಮ್ಮಾ, ಇಂಗೆ ಅನ್ನ ಎಸೆದ್ರೆ ಕೋತಿ ಬರ್ತವೆ. ಬೈಸ್ಕೊಳ್ಳೋನು ನಾನು."

"ನಮ್ಮ ಹೊಲಕ್ಕರಿ, ಯಣ್ಣಾ."

"ಎಲ್ಲೈತೆ ನಿಮ್ಮೊಲ?"

"ನೀರಾಗ."

ಟೋಪಿ ಕೊಡವುತ್ತಿದ್ದ ಕೈ ನಿಂತಿತು. ಬ್ಯಾಟರಾಯಪ್ಪ ಕಟಕಟೆಯ ಬಳಿ ಹೋಗಿ ದೂರದ ಅಪಾರ್ಟ್‌ಮೆಂಟುಗಳನ್ನು ನೋಡಿದ. "ಅಗೋ, ಆ ನೀಲಿ ಟ್ಯಾಂಕು ಕಾಣ್ತೈತಲ್ಲ, ಅದರಡೀಲೈತೆ ನಮ್ದು. ರಾಗಿ ಬೆಳೀತಿದ್ವಿ. ಡಬ್ಬೀಲಿ ಉಳಿದಿದ್ರೆ ಆ ಕಡೀಕೂ ಒಂದಿಡಿ ಎಸೀರಿ. ಕೋತಿ ಬಂದ್ರೆ ನಾನ್ ನೋಡ್ಕೊಂತೀನಿ."

ನಿಂಗವ್ವ ಕಣ್ಣೊರೆಸಿಕೊಂಡು ನೀಲಿ ಟ್ಯಾಂಕಿನತ್ತ ಕೈ ಬೀಸಿದಳು. "ಹುಲ್ಲುಲ್ಲಿಗೋ."

"ಚಲಾಂಬರಿಗೋ." ದನಿ ಒಡಕಾಗಿತ್ತು, ಆದರೆ ಗಟ್ಟಿಯಾಗಿತ್ತು.

ತಿರುಗಿ ನೋಡಿದಳು. ಲೇಸು ಬಿಚ್ಚದೆಯೇ ಕಳಚಿದ ಗಂಡನ ಬೂಟುಗಳು ಮೆಟ್ಟಿಲ ಪಕ್ಕ ಬಿದ್ದಿದ್ದವು. ಪಂಚಪ್ಪ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಬರಿಗಾಲಲ್ಲಿ ಉತ್ತರದ ಕಟಕಟೆಯತ್ತ ನಡೆದ.