ಬೋರಕ್ಕನಿಗೊಂದು ಕುರಿಯ ಚಿತ್ರ

ಪರಶುರಾಂಪುರದ ಪಕ್ಕದ ಹಟ್ಟಿಯಲ್ಲಿ ಚಿಕ್ಕೀರಪ್ಪ ಅಂದರೆ ಮಾತಿಗೆ ನಿಲ್ಲುವ ಮನುಷ್ಯ. ಕುರಿ ಸಂತೆಯಲ್ಲಿ ಟವೆಲ್ ಮುಚ್ಚಿ, ಅದರಡಿ ಬೆರಳು ಹಿಡಿದು ರೇಟು ಕುದುರಿಸಿದನೆಂದರೆ ಮುಗಿಯಿತು. ಆಮೇಲೆ ಯಾರು ಎಷ್ಟು ಹೆಚ್ಚಿಗೆ ಕೊಡುತ್ತೇನೆಂದರೂ ತಿರುಗಿ ನೋಡುವವನಲ್ಲ. ಈ ಒಳ್ಳೆಯ ಗುಣವೇ ಮೊನ್ನೆ ಅವನನ್ನು ಹಳ್ಳಕ್ಕೆ ಕೆಡವುವುದರಲ್ಲಿತ್ತು!

ಆಗಿದ್ದಿಷ್ಟು. ಮಂಡಿನೋವು ಬಂದು ಹೆಂಡತಿ ಬೋರಕ್ಕ ಕುರಿ ಹಿಂದೆ ಹೋಗುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಕೂತು ಕೂತು ಅವಳ ಮುಖ ಬಾಡಿತ್ತು. ಒಂದು ದಿನ ಗಂಡನ ಫೋನಿನಲ್ಲಿ ಒಂದು ಚಿತ್ರ ಕಂಡಿತು. ಕಲ್ಲುಗುಡ್ಡದ ಬುಡದಲ್ಲಿ ಕರಿಕುರಿಗಳ ಹಿಂಡು, ಮುಂದೆ ಕಂಬಳಿ ಹೊದ್ದ ಹೆಂಗಸು. ಕೈಯಲ್ಲೇ ಬರೆದದ್ದು, ಮಾರಾಟಕ್ಕಿದೆ ಎಂದು ಕೆಳಗಿತ್ತು.

“ಅಯ್ಯೋ, ಇವ್ಳು ನಾನೇ ಇದ್ದಂಗವ್ಳೆ!” ಎಂದು ಬೋರಕ್ಕ ಬಾಯ್ತುಂಬ ನಕ್ಕಳು.

ಆ ನಗುವಿಗೆ ಚಿಕ್ಕೀರಪ್ಪ ಕರಗಿಹೋದ. ಅಲ್ಲಿದ್ದ ನಂಬರಿಗೆ ಫೋನ್ ಹಚ್ಚಿ, ರೇಟು ಕೇಳಿ, “ಆಗ್ಲಿ ಸ್ವಾಮಿ, ನಂಗೇ ಇಟ್ಟಿರ್ರಿ” ಅಂದೇಬಿಟ್ಟ. ಎರಡು ಟಗರು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಅದನ್ನು ಕಳಿಸುವುದು ಗೊತ್ತಿಲ್ಲದೆ ಪಕ್ಕದ ಮನೆಯ ಶಾಂತಕುಮಾರಿಯ ಬಳಿ ಓಡಿದ. ಮಹಿಳಾ ಸಂಘದ ವ್ಯವಹಾರವನ್ನೆಲ್ಲ ಅವಳು ಫೋನಿನಲ್ಲೇ ನೋಡಿಕೊಳ್ಳುತ್ತಾಳೆ.

“ಚಿತ್ರ ಚೆನ್ನಾಗೈತೆ ಮಾವ. ಮಾರೋನು ಯಾರು? ಯಾವೂರು?”

“ಗೊತ್ತಿಲ್ಲ ಕಣವ್ವ. ಈಗ್ಲೇ ದುಡ್ಡು ಹಾಕ್ದಿದ್ರೆ ಬೇರೇರಿಗೆ ಕೊಡ್ತಾನಂತೆ. ಬೇಗ ಹಾಕು.”

“ತಡೀರಿ, ಮೊದ್ಲು ವಿಚಾರ್ಸಾನ.”

ಚಿಕ್ಕೀರಪ್ಪನಿಗೆ ರೇಗಿತು. “ಆಗ್ಲಿ ಅಂದಾಗೈತೆ! ಮಾತು ತಪ್ಪಿದ್ರೆ ನಾಳೆ ಸಂತೇಲಿ ಯಾವ ಮುಖ ಇಟ್ಕಂಡು ನಿಲ್ಲಲಿ?”

“ಸಂತೇಲಿ ಮಾತು ಆಗೋದು ಯಾವಾಗ ಮಾವ?”

“ಕುರಿ ಹಲ್ಲು ನೋಡಿ, ಬೆನ್ನು ಸವರಿ, ಟವೆಲ್ ಅಡೀಲಿ ಕೈ ಹಿಡಿದ ಮ್ಯಾಲೆ.”

“ಈ ಮನುಷ್ಯನ ಕೈ ಹಿಡಿದ್ರಾ? ಚಿತ್ರದ ಬೆನ್ನು ನೋಡಿದ್ರಾ?”

ಚಿಕ್ಕೀರಪ್ಪ ಫೋನನ್ನು ಅವಳ ಕೈಗೆ ಕೊಟ್ಟ.

ಶಾಂತಕುಮಾರಿ ಆ ನಂಬರಿಗೆ ಫೋನ್ ಮಾಡಿ, ವಿಡಿಯೋದಲ್ಲಿ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿ ಅಂದಳು. ಕ್ಯಾಮೆರಾ ಕೆಟ್ಟಿದೆ ಅಂದ ಆ ಮಹಾಶಯ. ನಾವೇ ಬಂದು ನೋಡುತ್ತೇವೆ ಅಂದರೆ ಊರಲ್ಲಿಲ್ಲ ಅಂದ. ಕೊನೆಗೆ, “ನಿಮ್ಮ ಫೋನಿಗೆ ಓಟಿಪಿ ಬರುತ್ತೆ, ಅದನ್ನ ಹೇಳಿ ಸಾಕು” ಅಂದ. ಅವಳು ಫೋನ್ ಕಟ್ ಮಾಡಿದಳು.

ಆಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಮೂಲೆಯಲ್ಲಿ ಸಣ್ಣಗೆ ‘ಗಂಗಾಂಬಿಕಾ, ರಾಂಪುರ’ ಎಂದಿತ್ತು. ರಾಂಪುರದ ಸಂಘದವರನ್ನು ವಿಚಾರಿಸಿದಾಗ, ಹೌದು, ಅಂಥ ಚಿತ್ರಗಾರ್ತಿ ನಮ್ಮೂರಲ್ಲಿದ್ದಾರೆ ಎಂದು ನಂಬರ್ ಕೊಟ್ಟರು.

“ನನ್ನ ಚಿತ್ರಾನಾ? ಅದು ನನ್ನ ನಡುಮನೇಲೇ ಐತಲ್ರೀ!” ಎಂದು ಗಂಗಾಂಬಿಕಾ ಬೆಚ್ಚಿದರು. ಯಾರೋ ಅದರ ಫೋಟೋ ಕದ್ದು ಮಾರಾಟಕ್ಕಿಟ್ಟಿದ್ದರು! ಅವರು ಆಗಿಂದಾಗಲೇ ಪೊಲೀಸರಿಗೆ ದೂರು ಕೊಟ್ಟು, “ಬಂದು ಕಣ್ಣಾರೆ ನೋಡಿ ತಗಳ್ರಿ” ಎಂದು ಕರೆದರು.

ಮರುದಿನವೇ ಮೂವರೂ ರಾಂಪುರಕ್ಕೆ ಹೋದರು. ಬೋರಕ್ಕ ಚಿತ್ರದ ಮುಂದೆ ನಿಂತು, “ಇವ್ಳು ಚುಕ್ಕಿ, ಇವ್ಳು ಮುದ್ದಿ, ಇಗಾ ಈ ತುಂಟಿ ಬೇಲಿ ಹಾರೋಳು” ಎಂದು ಒಂದೊಂದೇ ಕುರಿಯನ್ನು ಹೆಸರಿಟ್ಟು ಕರೆಯತೊಡಗಿದಳು. ಗಂಗಾಂಬಿಕಾಗೆ ಕಣ್ಣು ತುಂಬಿ ಬಂತು. ಚಿಕ್ಕೀರಪ್ಪ ಚಿತ್ರವನ್ನು ತಿರುಗಿಸಿ, ಬೆನ್ನ ಮೇಲಿನ ಸಹಿ ನೋಡಿ, ದುಡ್ಡು ಕೊಟ್ಟು ರಸೀದಿ ಬರೆಸಿಕೊಂಡ.

“ನೀನು ತಡೀದಿದ್ರೆ ಟಗರಿನ ದುಡ್ಡೂ ಹೋಗ್ತಿತ್ತು, ಇವ್ಳ ನಗೂನೂ ಹೋಗ್ತಿತ್ತು ಕಣವ್ವ” ಅಂದ.

ವಾಪಸ್ ಬರುವಾಗ ಚಳ್ಳಕೆರೆ ಬಸ್ಸಿನಲ್ಲಿ ಬೋರಕ್ಕ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರ್ ಬಗ್ಗಿ ನೋಡಿ, “ಅಜ್ಜೀ, ಇಷ್ಟು ಕುರೀಗೂ ಟಿಕೆಟ್ ಆಗ್ತೈತೆ!” ಅಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಅಕ್ಕ ಅಣ್ಣಂದಿರೇ, ಫೋನಿನಲ್ಲಿ ಕಂಡ ಚಿತ್ರವೋ ಗೊಂಬೆಯೋ ಮನಸ್ಸಿಗೆ ಹಿಡಿಸಿದರೆ ಖಂಡಿತ ಕೊಳ್ಳಿ. ಆದರೆ ಅವಸರ ಮಾಡುವವನಿಗೆ ಬಿಡಿಗಾಸೂ ಹಾಕಬೇಡಿ. ಮಾಡಿದವರು ಯಾರೆಂದು ಗೊತ್ತುಮಾಡಿಕೊಂಡು ಅವರನ್ನೇ ಮಾತಾಡಿಸಿ. ನೇರವಾಗಿಯೋ ವಿಡಿಯೋದಲ್ಲೋ ನೋಡಿ, ರಸೀದಿ ಕೇಳಿ. ಓಟಿಪಿ, ಪಿನ್ ಯಾರಿಗೂ ಹೇಳಬೇಡಿ. ಮೋಸ ಹೋಗಿದ್ದರೆ ನಾಚಿ ಸುಮ್ಮನಿರಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮುಖ ತೋರಿಸದವನಿಗೆ ಹೇಳಿದ ‘ಆಗ್ಲಿ’ಯನ್ನು ವಾಪಸ್ ತೆಗೆದುಕೊಂಡರೆ ನಿಮ್ಮ ಮರ್ಯಾದೆಗೆ ಏನೂ ಕುಂದಿಲ್ಲ.