ನೆಂಟರ ಮನೆ ಬೇಡ

"ಒಂದು ದಿವಸ ಮೂಡುಬಿದಿರೆಗೆ ಹೋಗಿ ಬರುವ. ನೀವೂ ಬನ್ನಿ ಟೀಚರೇ," ಎಂದು ಪೂವಮ್ಮನವರು ಹೇಳಿದಾಗ ನಾನು ಅದನ್ನು ಅರ್ಧ ಒಪ್ಪಿಗೆ ಎಂದೇ ತಿಳಿದೆ.

ಅವರ ಮೊಮ್ಮಗಳು ಶಶಿಪ್ರಭಾ ಬಂಟ್ವಾಳದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಚರಿತ್ರೆಯ ಪಾಠದಲ್ಲಿ ಅವಳು ಬರೆದಷ್ಟು ಚೆನ್ನಾಗಿ ಬರೆದವರನ್ನು ನಾನು ಆಮೇಲೆ ಕಂಡಿಲ್ಲ. ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಮುಗಿಸಿದಳು. ೧೯೬೧ರ ಆ ಬೇಸಗೆಯಲ್ಲಿ ಮೈಸೂರಿನಲ್ಲಿ ಎಂ.ಎ.ಗೆ ಸೀಟು ಸಿಕ್ಕಿತು. ಅಲ್ಲಿ ಚಿಕ್ಕಮ್ಮಂದಿರು ಯಾರೂ ಇರಲಿಲ್ಲ. ಹಾಸ್ಟೆಲಿನಲ್ಲೇ ಇರಬೇಕು.

ಅವರದು ಜೈನ ಮನೆತನ, ಹೆಣ್ಣಿನ ಕಡೆಯಿಂದ ಬೆಳೆದು ಬಂದದ್ದು. ಸೋದರಮಾವ ಗದ್ದೆ ತೋಟ ನೋಡಿಕೊಳ್ಳುತ್ತಿದ್ದರೂ ಕೊನೆಯ ಮಾತು ಅಜ್ಜಿ ಪೂವಮ್ಮನವರದು. ನಾನು ಶಶಿಯ ಪರವಾಗಿ ಮಾತಾಡಲು ಹೋದಾಗ ಅವರು ಓದಿನ ವಿಷಯದಲ್ಲಿ ಒಂದು ಆಕ್ಷೇಪವನ್ನೂ ತೆಗೆಯಲಿಲ್ಲ.

"ಓದಲಿ, ಯಾರು ಬೇಡ ಅಂದದ್ದು? ಆದರೆ ಅಲ್ಲಿ ಊಟ ರಾತ್ರಿ ಎಂಟು ಗಂಟೆಗಂತೆ. ನಾವು ಸೂರ್ಯ ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕುವವರಲ್ಲ. ಇವಳು ಆ ನೇಮ ಬಿಡುವವಳಲ್ಲ, ಅದು ನನಗೆ ಗೊತ್ತುಂಟು. ಆದರೆ, ನನಗೆ ಹಗಲಲ್ಲೇ ಬಡಿಸಿ ಅಂತ ಬಾಯಿಬಿಟ್ಟು ಕೇಳುವವಳೂ ಅಲ್ಲ. ಮದುವೆಮನೆಯಲ್ಲಿ ಎಲೆಗೆ ಉಪ್ಪು ಬೀಳದಿದ್ದರೆ ಸಪ್ಪೆ ಉಂಡು ಏಳುವ ಹುಡುಗಿ ಇದು. ಎರಡು ವರ್ಷ ಉಪವಾಸ ಬಿದ್ದು ಕೊರಡಿನ ಹಾಗೆ ಒಣಗಿ ಬರ್ತಾಳೆ. ನಾನು ಯಾಕೆ ಕಳಿಸಬೇಕು?"

ನಾನು ಮದರಾಸಿನಲ್ಲಿ ಟೀಚರ ತರಬೇತಿಗೆ, ಬಿ.ಟಿ. ಓದುವಾಗ ಹಾಸ್ಟೆಲಿನಲ್ಲಿದ್ದವಳು. ಕೇಳಿದರೆ ಎಲ್ಲವೂ ಸಿಗುತ್ತದೆ, ಕೇಳುವುದು ಕಷ್ಟವೇನಲ್ಲ ಎಂದೆ. ಆಗಲೇ ಅವರು ಮೂಡುಬಿದಿರೆಯ ಮಾತು ಎತ್ತಿದ್ದು.

"ನನ್ನ ತಮ್ಮನ ಮನೆ ಅಲ್ಲಿ ಬಸದಿಯ ಹಿಂದೆಯೇ ಉಂಟು. ಆದರೆ ನೆಂಟರ ಮನೆ ಬೇಡ. ಪರಸ್ಥಳಕ್ಕೆ ಹೋದವರ ಹಾಗೆ ನೋಡುವ, ತಿನ್ನುವ, ಬರುವ. ಇವಳು ಹೇಗೆ ಇರ್ತಾಳೆ ಅಂತ ನನಗೂ ಗೊತ್ತಾಗಲಿ."

ಪರೀಕ್ಷೆ ಎಂದರೆ ತಯಾರಿ ಬೇಕು. ನಾನು ಬಸ್ಸಿನ ವೇಳೆ ವಿಚಾರಿಸಿದೆ. ಮೂಡುಬಿದಿರೆಯ ಪೇಟೆಯಲ್ಲಿದ್ದ ಭಟ್ಟರ ಹೋಟೆಲಿಗೆ, ಆ ಕಡೆ ಹೋಗುತ್ತಿದ್ದ ಪರಿಚಯದವರೊಬ್ಬರಲ್ಲಿ ಮೊದಲೇ ಹೇಳಿ ಕಳಿಸಿದೆ: ಮೂರು ಜನ ಹೆಂಗಸರು, ನೀರುಳ್ಳಿ ಬಟಾಟೆ ಬೇಡ, ಸಂಜೆಯ ಊಟ ಬೆಳಕಿರುವಾಗಲೇ ಆಗಬೇಕು. ಯಾವುದನ್ನೂ ಅದರ ಪಾಡಿಗೆ ಬಿಡುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಆದರೆ ಇಷ್ಟು ಮಾಡಿದ ಮೇಲೆ ಸೋಲುವ ಮಾತೇ ಇಲ್ಲ ಎಂಬ ಭರವಸೆ ಇತ್ತು.

ಬೆಳಗ್ಗಿನ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿ ಅಜ್ಜಿಗೆ ಮುಂದಿನ ಸೀಟು ಕೊಡಿಸಿದೆ. ಸಿದ್ಧಕಟ್ಟೆ ದಾಟುವಷ್ಟರಲ್ಲಿ ಅವರು ಪಕ್ಕದವರ ಕುಲಗೋತ್ರವೆಲ್ಲ ತಿಳಿದುಕೊಂಡಿದ್ದರು. ಶಶಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಸಾವಿರ ಕಂಬದ ಬಸದಿಯನ್ನು ನಾನು ಮೊದಲೂ ನೋಡಿದ್ದೆ. ಆದರೂ ಮಾನಸ್ತಂಭ ದಾಟಿ ಒಳಗೆ ಕಾಲಿಟ್ಟಾಗ, ಬಿಸಿಲಿನಿಂದ ಬಂದ ಕಣ್ಣಿಗೆ ಕಂಬಗಳು ಒಂದೊಂದಾಗಿ ತೋರುವಾಗ, ಮೈ ತಣ್ಣಗಾಯಿತು. ಒಂದರ ಹಾಗೆ ಇನ್ನೊಂದಿಲ್ಲ. ಅಜ್ಜಿ ಚಂದ್ರನಾಥ ಸ್ವಾಮಿಯ ಎದುರು ಕೈಮುಗಿದು ಬಹಳ ಹೊತ್ತು ನಿಂತರು. ಒಳಗಿನ ಕೆತ್ತನೆ ಸರಿಯಾಗಿ ಕಾಣಲೆಂದು ನಾನು ಅಲ್ಲಿದ್ದವರನ್ನು ಕೇಳಿ ಒಂದು ದೀಪ ಹಿಡಿಸಿದೆ.

ಹೊರಗೆ ಮಂಟಪದ ಬುಡದಲ್ಲಿ ಉದ್ದ ಕತ್ತಿನ ಒಂದು ಪ್ರಾಣಿಯನ್ನು ಕೆತ್ತಿದ್ದರು. ಶಶಿ ಅದರ ಎದುರು ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು.

"ಇದು ಜಿರಾಫೆ ಅಜ್ಜಿ. ಆಫ್ರಿಕಾದ್ದು. ಅದರ ಹತ್ತಿರ ಇರುವುದು ಚೀನಾದವರ ಡ್ರ್ಯಾಗನ್."

"ಒಂಟೆ ಅಂತ ನಮ್ಮಜ್ಜಿ ಹೇಳ್ತಿದ್ದರು."

"ಅಲ್ಲ, ಒಂಟೆಗೆ ಡುಬ್ಬ ಉಂಟಲ್ಲ. ಇಲ್ಲಿ ನೋಡಿ, ಬೆನ್ನು ಹೇಗೆ ಇಳಿಜಾರು. ನಮ್ಮ ಕಡೆಯಿಂದ ಕಾಳುಮೆಣಸು ಹಡಗಿನಲ್ಲಿ ಹೋಗ್ತಿತ್ತಲ್ಲ, ಆ ಹಡಗಿನವರು ಹೇಳಿದ್ದನ್ನು ಕೇಳಿ ಕೆತ್ತಿರಬೇಕು. ಕೆತ್ತಿದವ ಕಂಡಿರಲಿಕ್ಕಿಲ್ಲ."

ಇಷ್ಟು ಮಾತು ಅವಳ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ. ಗೆದ್ದೆವು ಎಂದುಕೊಂಡೆ.

ಹೋಟೆಲಿನಲ್ಲಿ ಹೆಂಗಸರಿಗೆಂದು ಒಂದು ಪರದೆ ಕಟ್ಟಿದ ಮೂಲೆ ಇತ್ತು. ಭಟ್ಟರೇ ಬಂದು ಬಾಳೆಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ತೊಗರಿ ಸಾರು, ಸೌತೆಕಾಯಿ ಹುಳಿ, ಬೆಂಡೆಕಾಯಿ ಪಲ್ಯ, ಗಟ್ಟಿ ಮಜ್ಜಿಗೆ. ಹೋಟೆಲಿನಲ್ಲಿ ಉಣ್ಣುವುದು ಅಜ್ಜಿಗೆ ಅದೇ ಮೊದಲು. ಮೊದಲ ತುತ್ತನ್ನು ಅವರು ಅನುಮಾನದಿಂದ ನುಂಗಿದರು, ಎರಡನೆಯದನ್ನು ಆಲೋಚಿಸಿ ನುಂಗಿದರು, ಮತ್ತೆ ಹುಳಿ ಹಾಕಿಸಿಕೊಂಡರು.

"ಕೊತ್ತಂಬರಿ ಸ್ವಲ್ಪ ಹೆಚ್ಚು ಹುರಿದಿದ್ದಾರೆ. ಆದರೆ ಕೈಗುಣ ಉಂಟು ಭಟ್ಟರಿಗೆ," ಎಂದರು. ಕುಡಿಯುವ ನೀರನ್ನು ಮಾತ್ರ ಮನೆಯಲ್ಲಿ ಸೋಸಿ ತುಂಬಿಸಿ ತಂದ ತಂಬಿಗೆಯಿಂದಲೇ ಕುಡಿದರು.

ಶಶಿಯ ಎಲೆಯಲ್ಲಿ ಪಲ್ಯ ಮುಗಿದಿತ್ತು. ನಾನು ಪರದೆ ಸರಿಸಿ, "ಇಲ್ಲಿಗೆ ಸ್ವಲ್ಪ ಪಲ್ಯ," ಎಂದೆ. ಬಂತು.

"ನೋಡಿದಿರಾ ಅಮ್ಮ?" ಎಂದೆ ನಾನು. "ಬಾಯಿಬಿಟ್ಟರೆ ಆಯಿತು. ನೀರುಳ್ಳಿ ಇಲ್ಲ, ಬಟಾಟೆ ಇಲ್ಲ. ಸಂಜೆಯ ಊಟಕ್ಕೂ ಹೇಳಿ ಆಗಿದೆ."

ಪೂವಮ್ಮನವರು ಎಲೆ ಮಡಚಿದರು. "ನೋಡಿದೆ. ಬೆಳಗ್ಗಿನಿಂದ ನೋಡ್ತಾ ಇದ್ದೇನೆ. ಸೀಟು ಕೇಳಿದ್ದು ನೀವು, ದೀಪ ಕೇಳಿದ್ದು ನೀವು, ಪಲ್ಯ ಕೇಳಿದ್ದು ನೀವು. ಮೈಸೂರಿಗೂ ನೀವೇ ಹೋಗ್ತೀರಾ ಟೀಚರೇ?"

ಶಶಿಯ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಕೈ ತೊಳೆಯುವಾಗ ಒಂದು ತೀರ್ಮಾನಕ್ಕೆ ಬಂದೆ: ಇನ್ನು ಮನೆ ಮುಟ್ಟುವ ತನಕ ನಾನು ಯಾರಲ್ಲೂ ಏನೂ ಕೇಳುವುದಿಲ್ಲ. ಶಶಿಗೂ ಅದನ್ನು ಮೆಲ್ಲಗೆ ಹೇಳಿದೆ. ಅವಳು ತಲೆಯಾಡಿಸಿದಳು.

ಮಧ್ಯಾಹ್ನ ಬೇರೆ ಬಸದಿಗಳನ್ನು ನೋಡಿದೆವು. ಬಿಸಿಲು ಇಳಿದ ಮೇಲೆ ಅಜ್ಜಿಗೆ ಕೊಡಂಗಲ್ಲಿನ ಸಮಾಧಿಗಳನ್ನು ನೋಡಬೇಕೆನಿಸಿತು. ಹಿಂದಿನ ಕಾಲದ ಜೈನ ಗುರುಗಳವು. ಕೆಂಪು ಮುರಕಲ್ಲಿನಿಂದ ಮಾಳಿಗೆಯ ಮೇಲೆ ಮಾಳಿಗೆಯಾಗಿ ಕಟ್ಟಿ, ಪ್ರತಿ ಮಾಳಿಗೆಗೂ ಸೂರಿನ ಹಾಗೆ ಅಂಚು ಬಿಟ್ಟಿದ್ದಾರೆ. ಪೇಟೆಯಿಂದ ನಡೆಯುವಷ್ಟೇ ದೂರ. ಆರರ ಒಳಗೆ ಹೋಟೆಲಿಗೆ ಮರಳಿ, ಉಂಡು, ಕೊನೆಯ ಬಸ್ಸು ಹಿಡಿಯುವುದೆಂದು ನನ್ನ ಲೆಕ್ಕ.

ಹುಲ್ಲು ಬೆಳೆದ ಆ ಗುಡ್ಡೆಯಲ್ಲಿ ನಾವು ಮೂವರೇ. ಶಶಿ ಒಂದೊಂದರ ಸುತ್ತ ಬಂದು ಅಂಚಿನ ಕೆತ್ತನೆಯನ್ನು ಮುಟ್ಟಿ ನೋಡುತ್ತಿದ್ದಳು. ಅಜ್ಜಿ ಒಂದು ಕಲ್ಲಿನ ಮೇಲೆ ಕುಳಿತರು. ಹೊರಡುವ ಎಂದಾಗ ಏಳಲು ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು, ಇಡೀ ದಿನದ ನಡಿಗೆ, ಮೇ ತಿಂಗಳ ಸೆಕೆ. ತಂಬಿಗೆಯಲ್ಲಿ ನೀರು ಮುಗಿದಿತ್ತು. ಮುಖ ಬೆವೆತು ಬಿಳಿಚಿತ್ತು.

"ಸ್ವಲ್ಪ ಹೊತ್ತು," ಎಂದರು. ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲ. ಸೂರ್ಯ ತೆಂಗಿನ ಮರಗಳ ತಲೆಗೆ ಇಳಿದ. ಹೋಟೆಲಿನ ಊಟ ತಪ್ಪಿತೆಂದು ಮೂವರಿಗೂ ಗೊತ್ತಾಯಿತು.

"ಬಿಡಿ, ನಾಳೆ ಬೆಳಿಗ್ಗೆ ಉಣ್ಣುವ. ನನಗೇನು ಉಪವಾಸ ಹೊಸತಾ?" ಎಂದರು ಅಜ್ಜಿ. ಆದರೆ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಈಗ ಏನಾದರೂ ಕುಡಿಯದಿದ್ದರೆ ನಾಳೆಯ ಸೂರ್ಯನ ತನಕ ಅವರು ಒಂದು ತೊಟ್ಟೂ ಮುಟ್ಟುವವರಲ್ಲ.

ರಸ್ತೆಯಾಚೆ ಒಂದು ಹಂಚಿನ ಮನೆ, ಅಂಗಳದಲ್ಲಿ ಎರಡು ಗಿಡ್ಡ ತೆಂಗು, ಗೊಂಚಲು ಗೊಂಚಲು ಎಳನೀರು. ನನ್ನ ಕಾಲು ತಾನಾಗಿ ಆ ಕಡೆ ತಿರುಗಿತು. ಪೂವಮ್ಮನವರು ಆ ಸ್ಥಿತಿಯಲ್ಲೂ ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ನಿಂತೆ. ಹಾಗೆ ನಿಲ್ಲುವುದು ಎಷ್ಟು ಕಷ್ಟವೆಂದು ಬರೆಯಲು ನನ್ನಲ್ಲಿ ಮಾತಿಲ್ಲ. ಇನ್ನೊಂದು ಗಳಿಗೆ ಕಳೆದಿದ್ದರೆ, ಪರೀಕ್ಷೆ ಹಾಳಾಗಿ ಹೋಗಲಿ ಎಂದು ಹೊರಟೇಬಿಡುತ್ತಿದ್ದೆ.

ಅಷ್ಟರಲ್ಲಿ ಶಶಿ ರಸ್ತೆ ದಾಟಿದಳು. ಗೇಟಿನ ಹತ್ತಿರ ನಿಂತು ಏನೋ ಹೇಳಿದಳು. ನನಗೇ ಕೇಳಿಸಲಿಲ್ಲ, ಒಳಗಿನವರಿಗೆ ಹೇಗೆ ಕೇಳಬೇಕು? ಮತ್ತೊಮ್ಮೆ ಹೇಳಿದಳು. ಯಾರೂ ಬರಲಿಲ್ಲ. ಅವಳು ತಿರುಗಿ ಸೂರ್ಯನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಓಯ್!" ಎಂದಳು. ತೆಂಗಿನ ಮರದ ಕಾಗೆಗಳು ಎದ್ದವು. "ಯಾರುಂಟು ಮನೆಯಲ್ಲಿ? ಒಮ್ಮೆ ಹೊರಗೆ ಬನ್ನಿ!"

ತಲೆಗೆ ಬಟ್ಟೆ ಕಟ್ಟಿದ್ದ ದಪ್ಪ ಹೆಂಗಸೊಬ್ಬಳು ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. "ಎಂಥ ಮಾರಾಯ್ತಿ, ಬೆಂಕಿ ಬಿದ್ದಿತಾ?"

"ನನ್ನ ಅಜ್ಜಿಗೆ ಎರಡು ಎಳನೀರು ಬೇಕು. ಬಾಳೆಹಣ್ಣು ಇದ್ದರೆ ಅದೂ ಬೇಕು."

"ಕೊಡುವ. ಗಂಡ ಪೇಟೆಗೆ ಹೋಗಿದ್ದಾರೆ, ಬಂದ ಕೂಡಲೇ ಕೊಯ್ದು ಕೊಡ್ತಾರೆ."

"ಆಗುವುದಿಲ್ಲ. ನಾವು ಜೈನರು. ಸೂರ್ಯ ಮುಳುಗಿದರೆ ಅವರು ಕುಡಿಯುವುದಿಲ್ಲ. ಈಗಲೇ ಬೇಕು. ಕತ್ತಿ ಕೊಡಿ, ಗಿಡ್ಡ ಮರ ಅಲ್ವಾ, ಏಣಿ ಇದ್ದರೆ ನಾನೇ ಕೊಯ್ತೇನೆ."

"ನೀನಾ?" ಹೆಂಗಸು ಅವಳ ಇಸ್ತ್ರಿ ಹಾಕಿದ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಬಿದ್ದರೆ ನಿನ್ನ ಅಜ್ಜಿಗೆ ನಾನು ಎಂಥ ಹೇಳಲಿ? ಏಣಿ ಹಿಡಿ ನೀನು. ಗಟ್ಟಿ ಹಿಡಿ."

ಅವಳೇ ಹತ್ತಿದಳು. ಬೀಯಮ್ಮ ಎಂದು ಅವಳ ಹೆಸರು, ಮುಸಲ್ಮಾನರವಳು. ಕೊಯ್ದು ತಂದು ಅಜ್ಜಿಯ ಎದುರೇ ಮೂರು ಏಟಿಗೆ ಮೂತಿ ಕೆತ್ತಿದಳು. ಚಿಪ್ಪು ಒಡೆಯುವ ಮೊದಲು ಕತ್ತಿಯನ್ನು ಶಶಿಯ ಕೈಗೆ ಕೊಟ್ಟು, "ಅದನ್ನು ನೀನೇ ಒಡೆ, ನಿನ್ನ ಅಜ್ಜಿಗೆ ಸಮಾಧಾನ ಆಗಲಿ," ಎಂದಳು.

"ಯಾರು ಒಡೆದರೂ ಒಳಗಿರುವುದು ನೀರೇ ಅಲ್ವಾ," ಎಂದರು ಪೂವಮ್ಮನವರು. ಶಶಿ ಒಡೆದು ಕೊಟ್ಟಳು. ಅವರು ಒಂದೇ ಉಸಿರಿಗೆ ಕುಡಿದರು. ಎರಡನೆಯದನ್ನು ನಿಧಾನವಾಗಿ ಕುಡಿದರು. ಬೀಯಮ್ಮ ಮತ್ತೆ ಮನೆಗೆ ಹೋಗಿ ಕದಳಿ ಬಾಳೆಹಣ್ಣಿನ ಚಿಪ್ಪೊಂದನ್ನು ತಂದಿಟ್ಟಳು. ಅಜ್ಜಿ ಒಂದೊಂದೇ ಸುಲಿದು ತಿಂದರು. ಮುಖಕ್ಕೆ ಬಣ್ಣ ಬಂತು. ಪಡುವಣದಲ್ಲಿ ಇನ್ನೂ ಅಂಗೈಯಗಲ ಸೂರ್ಯ ಉಳಿದಿದ್ದ.

"ಅಬ್ಬ, ಏನು ಸ್ವರ ಈ ಹುಡುಗಿಯದ್ದು!" ಎಂದಳು ಬೀಯಮ್ಮ, ಹುಲ್ಲಿನ ಮೇಲೆ ಕುಳಿತುಕೊಳ್ಳುತ್ತ. "ನನ್ನ ಎದೆ ಇನ್ನೂ ಹೊಡೆದುಕೊಳ್ತಾ ಉಂಟು. ಯಾರು ಇವಳು?"

"ನನ್ನ ಮೊಮ್ಮಗಳು," ಎಂದರು ಪೂವಮ್ಮನವರು, ಹಣ್ಣಿನ ಸಿಪ್ಪೆಯನ್ನು ಬದಿಗಿಡುತ್ತ. "ಬರುವ ತಿಂಗಳು ಮೈಸೂರಿಗೆ ಹೋಗ್ತಾಳೆ. ದೊಡ್ಡ ಓದು ಓದಲಿಕ್ಕೆ."

ಶಶಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಮೈಸೂರಿಗಾ? ಅಷ್ಟು ದೂರ?" ಬೀಯಮ್ಮ ಉಳಿದ ಹಣ್ಣುಗಳನ್ನು ಶಶಿಯ ಕಡೆ ದೂಡಿದಳು. "ಹಾಗಾದರೆ ನೀನೂ ತಿನ್ನು. ಬೇಗ ತಿನ್ನು, ಅಲ್ಲಿ ನೋಡು, ಮುಳುಗುತ್ತಾ ಉಂಟು."